ಗದ್ದೆ ಮಣ್ಣಿನಲ್ಲಿ ಹೂತ ಪ್ಯಾಟನ್

ಒಂದು ಮಳೆಗಾಲ ಪೂರ್ತಿ ದಾಟಿತು. ಆಟಿ ತಿಂಗಳಲ್ಲಿ ನಮ್ಮ ಬದಿಯಡ್ಕ ಕಡೆ ಗೋಡೆಯೇ ಬೆವರುತ್ತದೆ, ಕಪಾಟಿನೊಳಗಿಟ್ಟ ಬೆಲ್ಟಿಗೂ ಬೂಷ್ಟು ಬರುತ್ತದೆ. ಮಾದರಿ ಟ್ಯಾಂಕನ್ನು ಕೂರಿಸಲು ಗದ್ದೆ ಮಣ್ಣಿನಲ್ಲಿ ಮಾಡಿದ ನನ್ನ ಬೇಸ್‌ಗೆ ಬೂಷ್ಟು ಬರಲಿಲ್ಲ, ಬಿರುಕೂ ಬಿಡಲಿಲ್ಲ. "ನಿಜವಾದ ಮಣ್ಣು ಹಾಕಿದರೆ ಮೊದಲ ಮಳೆಗೇ ಹೋಯಿತು ಅಂತ ತಿಳ್ಕೊಳ್ಳಿ, ಸುಮ್ಮನೆ ಮಣ್ಣಿನಂತೆ ಕಾಣುವ ಟೆಕ್ಸ್ಚರ್ ಪೇಸ್ಟ್ ತರಿಸಿ ಮಾರಾಯ್ರೆ" ಎಂದು ಬೆಂಗಳೂರಿನ ಮಿತ್ರರೂ ಮಂಗಳೂರಿನ ಭಾವನೂ ಒಂದೇ ರಾಗ ಹಾಡಿದ್ದರು. ಅವರೂ ಓದಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಟ್ಯಾಂಕು ಇಟಲೇರಿ ಕಂಪೆನಿಯ 1:35 ಕಿಟ್, ಅಂದರೆ ನಿಜವಾದದ್ದರ ಮೂವತ್ತೈದನೇ ಒಂದು ಅಳತೆಯ ಎಂ47 ಪ್ಯಾಟನ್. ಕಿಟ್ ಜೋಡಿಸುವುದು ನಿಮಗೆಲ್ಲ ಗೊತ್ತಿರುವುದೇ, ಬಿಡಿ. ನನಗೆ ಬೇಕಿದ್ದದ್ದು 1965ರ ಸೆಪ್ಟೆಂಬರ್, ಪಾಕಿಸ್ತಾನದೊಡನೆ ಯುದ್ಧ, ಪಂಜಾಬಿನ ಖೇಮ್‌ಕರಣ್ ಹತ್ತಿರದ ಅಸಲ್ ಉತ್ತರ್. ನಮ್ಮವರು ಕಾಲುವೆ ಒಡೆದು ಕಬ್ಬಿನ ಗದ್ದೆಗೆ ನೀರು ಬಿಟ್ಟರು, ಪಾಕಿಸ್ತಾನದ 40 ಚಿಲ್ಲರೆ ಟನ್ನಿನ ಪ್ಯಾಟನ್‌ಗಳು ಕೆಸರಲ್ಲಿ ಕೂತವು, ಕಬ್ಬಿನ ಮರೆಯಿಂದ ನಮ್ಮ ಟ್ಯಾಂಕುಗಳಾದ ಸೆಂಚೂರಿಯನ್, ಶರ್ಮನ್‌ಗಳು ಹೊಡೆದವು. ಜೀಪಿನ ಮೇಲಿನ ತೋಪಿನಿಂದ ಪ್ಯಾಟನ್‌ಗಳನ್ನು ಹೊಡೆದ ಅಬ್ದುಲ್ ಹಮೀದರು ಇದ್ದದ್ದೂ ಅದೇ ಕಾಳಗದಲ್ಲಿ. ಈ ದೃಶ್ಯ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ನಾನು ಕಂಡ ಹೆಚ್ಚಿನ ಬೇಸ್‌ಗಳಲ್ಲಿ ಟ್ಯಾಂಕು ಕೆಸರಿನ ಮೇಲೆ ಆರಾಮವಾಗಿ ನಿಂತಿರುತ್ತದೆ. ಎಂ47ರ ಹೊಟ್ಟೆಗೂ ನೆಲಕ್ಕೂ ನಡುವೆ ಇರುವುದು ಒಂದೂವರೆ ಅಡಿ, ನಮ್ಮ ಅಳತೆಯಲ್ಲಿ 13 ಮಿ.ಮೀ. ಟ್ಯಾಂಕು ಹೂತಿದೆ ಅನ್ನಬೇಕಾದರೆ ಆ 13 ಮಿ.ಮೀ. ಪೂರ್ತಿ ಇಳಿದು ಹೊಟ್ಟೆ ಮಣ್ಣಿಗೆ ತಾಗಬೇಕು. ಅಂದರೆ ಟ್ರ್ಯಾಕ್ (ಗಾಲಿಗಳನ್ನು ಸುತ್ತುವ ಪಟ್ಟಿ) ಇಳಿಯುವಲ್ಲಿ ಮಣ್ಣು ಸುಮಾರು 2 ಸೆಂ.ಮೀ. ದಪ್ಪ ಬೇಕು. ದಪ್ಪ ಮಣ್ಣು ಬಿರಿಯುತ್ತದೆ. ನನ್ನ ದುಡ್ಡೆಲ್ಲ ಹೋದದ್ದು ಇಲ್ಲಿಯೇ.

ಪ್ಲಾಸ್ಟರ್ ಆಫ್ ಪ್ಯಾರಿಸ್ ಹಾಕಿದರೆ ಟ್ರ್ಯಾಕ್ ಒತ್ತುವಷ್ಟರಲ್ಲಿ ಗಟ್ಟಿ. ಮೇಲಾಗಿ ಪ್ಲೈವುಡ್ ನೀರು ಕುಡಿದು ಬಾಗಿತು, ಪ್ಲಾಸ್ಟರ್ ಎರಡು ಹೋಳಾಯಿತು. ಮನೆ ಹಿಂದಿನ ಕೆಂಪು ಮಣ್ಣು ಅಂಟು ಬಿದ್ದ ಮೇಲೆ ಇನ್ನಷ್ಟು ಕೆಂಪಾಗಿ, ಪ್ಯಾಟನ್ ದಾರಿ ತಪ್ಪಿ ನಮ್ಮ ಪಕ್ಕದ ನೀರ್ಚಾಲಿಗೆ ಬಂದು ಹೂತಂತೆ ಕಂಡಿತು. ಪಂಜಾಬಿನ ಮೆಕ್ಕಲು ಮಣ್ಣು ಬೂದುಗಂದು. ಕುಂಬಳೆ ಕಡಲಿನ ಹೊಯಿಗೆಯಲ್ಲಿ ಉಪ್ಪು, ಒಣಗಿದ ಮೇಲೆ ಬಿಳಿ ಬಿಳಿ ಪುಡಿ ಎದ್ದಿತು. ಹೊಳೆಯ ಹೊಯಿಗೆ ದೊರಗು, ಒಂದು ಮಿ.ಮೀ. ಕಣ ನಮ್ಮ ಅಳತೆಗೆ ಒಂದೂಕಾಲು ಇಂಚಿಗೂ ದೊಡ್ಡ ಜಲ್ಲಿ. ಹಳೆ ಪಂಚೆಯ ಬಟ್ಟೆಯಲ್ಲಿ ಜಾಲಿಸಿದರೆ ಮಾತ್ರ ಉಪಯೋಗ.

ಕೊನೆಗೆ ಕೈ ಹಿಡಿದದ್ದು ಬೈಲಿನ ಗದ್ದೆಯ ಜೇಡಿಮಣ್ಣು. ಒಣಗಿದಾಗ ಅದರ ಬಣ್ಣವೇ ಪಂಜಾಬಿಗೆ ಹತ್ತಿರ. ಮೂರು ಪಾಲು ಜೇಡಿ, ಎರಡು ಪಾಲು ಜಾಲಿಸಿದ ಹೊಯಿಗೆ, ಒಂದು ಪಾಲು ತೆಂಗಿನ ನಾರಿನ ಪುಡಿ, ಅರ್ಧಕ್ಕರ್ಧ ನೀರು ಬೆರೆಸಿದ ಫೆವಿಕಾಲ್. ಇನ್ನೊಂದು ವಸ್ತು ಚಿಟಿಕೆಯಷ್ಟು ಬೀಳುತ್ತದೆ, ಅದನ್ನು ಮಾತ್ರ ಕೇಳಬೇಡಿ. ಕುಗ್ಗುವುದು ಜೇಡಿ; ಹೊಯಿಗೆಯೂ ನಾರೂ ಅದನ್ನು ತಡೆದು ಹಿಡಿಯುತ್ತವೆ. ದಪ್ಪ ಬೇಡದ ಕಡೆ ಅಡಿಯಲ್ಲಿ ಥರ್ಮಾಕೋಲ್ ಕೊಟ್ಟೆ. ಸ್ಪ್ರೇ ಪೇಂಟ್ ತಾಗಿದರೆ ಅದು ಕರಗಿ ಹೋಗುತ್ತದೆ, ಆದ್ದರಿಂದ ಮೊದಲು ಅಂಟು ಕಾಗದ ಮುಚ್ಚಬೇಕು. ಮಣ್ಣು ಎರಡು ಪದರ. ಮೊದಲನೆಯದು ಬಿರಿಯಲಿ, ಬಿರಿದಷ್ಟೂ ಎರಡನೆಯದಕ್ಕೆ ಹಿಡಿತ ಸಿಗುತ್ತದೆ. ಹಲಗೆ ಹಲಸಿನದು, ಆಚಾರಿ ಉಳಿಸಿದ ತುಂಡು. ಎರಡೂ ಮೈಗೆ ವಾರ್ನಿಷ್ ಹೊಡೆಯಲೇಬೇಕು.

ತೂಕ ಬರಲಿ ಅಂತ ಟ್ಯಾಂಕಿನ ಒಳಗೆ ಗಾಳದ ಸೀಸದ ಗುಂಡು ತುಂಬಿಸಿದೆ. ಬೆರಳಚ್ಚು ನಿಲ್ಲಬೇಕು, ಬೆರಳಿಗೆ ಮಣ್ಣು ಅಂಟಬಾರದು, ಅದು ಒತ್ತುವ ಹದ. ಮೇ ತಿಂಗಳಲ್ಲಿ ಎರಡು ಮೂರು ಗಂಟೆ ಸಾಕು, ಮಳೆಗಾಲದಲ್ಲಿ ದೇವರಿಗೇ ಗೊತ್ತು. ನೇರ ಕೆಳಗೆ ಒತ್ತಿದರೆ ಬರೀ ಗುಂಡಿಯಾಗುತ್ತದೆ. ಮುಂದಕ್ಕೆ ನೂಕುತ್ತಾ ಒತ್ತಿದರೆ ಮಣ್ಣು ಪಕ್ಕಕ್ಕೆ ಉಬ್ಬಿ ನಿಜವಾದ ಗಾಲಿ ದಾರಿ ಮೂಡುತ್ತದೆ.

ಬೂಷ್ಟಿಗೆ ಮೊದಲ ಮದ್ದು ಮಣ್ಣನ್ನೇ ಹುರಿಯುವುದು. ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದಾಗ ಅಮ್ಮ ಬಂದು, "ಇದಕ್ಕೆ ಒಗ್ಗರಣೆಯೂ ಉಂಟಾ?" ಎಂದು ಕೇಳಿ ಹೋದರು. ಬಾಣಲೆ ಮಾತ್ರ ಮತ್ತೆ ಅಡಿಗೆಮನೆಗೆ ಸೇರಲಿಲ್ಲ. ತೋಟಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತನ್ನೂ ಹಾಕಿ ನೋಡಿದೆ. ಹಸಿರು ಕಲೆ ಬಿತ್ತು, ಒಳಗಿನ ಮೊಳೆಗಳನ್ನು ತಿಂದಿತು. ಕೇರಂ ಬೋರ್ಡಿನ ಬೋರಿಕ್ ಪೌಡರೇ ವಾಸಿ. ಬಿಸಿನೀರಿನಲ್ಲಿ ಕರಗಿಸಿ, ಎಲ್ಲ ಒಣಗಿದ ಮೇಲೆ ಸಿಂಪಡಿಸಬೇಕು. ಫೆವಿಕಾಲ್‌ಗೇ ಬೆರೆಸಲು ಹೋದರೆ ಗಂಟು ಕಟ್ಟುತ್ತದೆ.

ನಡುವೆ ಒಂದು ಲಾಭವಾಯಿತು. ಮುರಕಲ್ಲು (ಜಂಬಿಟ್ಟಿಗೆ ಕಲ್ಲು) ಕಡಿಯುವಲ್ಲಿ ಬಿದ್ದಿದ್ದ ಪುಡಿಯನ್ನು ಅರೆದು, ಜಾಲಿಸಿ, ಮಡ್‌ಗಾರ್ಡ್ ಮೇಲಿನ ಸೈಲೆನ್ಸರ್‌ಗಳಿಗೆ ಹಚ್ಚಿದೆ. ಮುರಕಲ್ಲಿನ ಕೆಂಪೇ ಕಬ್ಬಿಣದ ಆಕ್ಸೈಡ್, ಬಣ್ಣದಲ್ಲಿ ತುಕ್ಕಿಗೆ ಅಣ್ಣನೋ ತಮ್ಮನೋ. ಡಬ್ಬಿಗೆ 400 ರೂಪಾಯಿ ಕೊಟ್ಟು ತರಿಸಿದ ಪಿಗ್‌ಮೆಂಟ್ ಈಗ ಹಾಗೇ ಇದೆ.

ಕಬ್ಬಿಗೆ ಹಿಡಿಸೂಡಿಯ ಕಡ್ಡಿ, ತುದಿ ಕಡೆಯ ಸಪೂರ ಭಾಗ. ನಿಜವಾದ ಕಬ್ಬು ಒಂಬತ್ತು ಹತ್ತು ಅಡಿ, ಹಾಗಾಗಿ 8 ಸೆಂ.ಮೀ. ಸಾಕು. ಸಾಲಿಗೂ ಸಾಲಿಗೂ ಎರಡೂವರೆ ಅಡಿ ಅಂದುಕೊಂಡು 2 ಸೆಂ.ಮೀ. ಚಿಲ್ಲರೆ ಬಿಟ್ಟೆ. ಟ್ಯಾಂಕಿನ ಅಗಲಕ್ಕೆ ನಾಲ್ಕು ಸಾಲು ಹೋಗುತ್ತದೆ. ಅದರ ಹಿಂದೆ ಬಿದ್ದ ಕಬ್ಬೆಲ್ಲ ಟ್ಯಾಂಕು ಹೋದ ದಿಕ್ಕಿಗೇ ಮಲಗಿರಬೇಕು. ಒಣಹುಲ್ಲಿನ ಬಣ್ಣ ಕೊಡಿ ಎಂದವರಿದ್ದರು. ಸೆಪ್ಟೆಂಬರಿನಲ್ಲಿ ಕಬ್ಬು ಹಸಿರಾಗಿಯೇ ಇರುತ್ತದೆ, ಒಣಗಿರುವುದು ಬುಡದ ರವದಿ ಮಾತ್ರ. ಗರಿಗೆ ಕಾಗದ ಕತ್ತರಿಸಿ ಕತ್ತರಿಸಿ ಕೈ ಸೋತಿತು. ಆಮೇಲೆ ಅಡಿಕೆ ಹಾಳೆಯನ್ನು ನೆನೆಸಿ ಒಳಮೈಯ ತೆಳು ಪೊರೆ ಕಿತ್ತೆ. ಒಣಗುವಾಗ ಅದು ತಾನಾಗಿ ಬಾಗುತ್ತದೆ. ಬಣ್ಣ ನಿಲ್ಲಿಸುವುದಕ್ಕೆ ಬೇರೆ ಉಪಾಯ ಉಂಟು, ಅದು ಇನ್ನೊಮ್ಮೆ. ಎರಡು ಹಿಡಿಸೂಡಿ ಖಾಲಿ.

ನೀರಿಗೆ ಒಂದೂವರೆ ಸಾವಿರದ ಗಾಜಿನಂಥ ರೆಸಿನ್ ಬೇಕು ಅಂದಿದ್ದರು. ಕಾಲುವೆ ಒಡೆದು ಗದ್ದೆಗೆ ನುಗ್ಗಿದ ನೀರಿನಲ್ಲಿ ತಳ ಕಾಣುತ್ತದೆಯೇ? ಫ್ಲೋರಿಂಗಿನವರಲ್ಲಿ ಉಳಿದಿದ್ದ ಎಪಾಕ್ಸಿ 100 ಗ್ರಾಮಿನಷ್ಟು, ಅದಕ್ಕೆ ಹುರಿದ ಅದೇ ಮಣ್ಣಿನ ಧೂಳು, 2 ಮಿ.ಮೀ. ಪದರ. ತೇವದ ಹವೆಯಲ್ಲಿ ಎಪಾಕ್ಸಿ ಮೇಲೆ ಬಿಳಿ ಜಿಡ್ಡು ಬರುತ್ತದೆ. ರಟ್ಟಿನ ಪೆಟ್ಟಿಗೆಯೊಳಗೆ 60 ವ್ಯಾಟಿನ ಹಳೆ ಬಲ್ಬ್ ಉರಿಸಿ ಇಟ್ಟೆ, ಬರಲಿಲ್ಲ.

ಕೆಟ್ಟುಹೋದ ಬೇಸ್‌ಗಳಿಗೆ ಒಟ್ಟು 4,000 ಹತ್ತಿರ ಹೋಗಿರಬಹುದು, ಕಿಟ್ಟಿಗಿಂತ ಹೆಚ್ಚು. ಗೆದ್ದದ್ದಕ್ಕೆ 700 ಕೂಡ ಆಗಲಿಲ್ಲ, ಅದರಲ್ಲಿ ಅರ್ಧ ಫೆವಿಕಾಲ್ ಮತ್ತು ವಾರ್ನಿಷ್. ಪೇಸ್ಟ್ ತರಿಸಿ ಅಂದಿದ್ದ ಭಾವ ಮೊನ್ನೆ ಒಂದು ಗೋಣಿ ಗದ್ದೆ ಮಣ್ಣು ಕೇಳಿದ್ದಾನೆ. ಹುರಿಯುವ ಬಾಣಲೆ ಅವನೇ ತರಬೇಕು.

ಈಗ 1:72ರಲ್ಲಿ ಇದೇ ದೃಶ್ಯಕ್ಕೆ ಕೈ ಹಾಕಿದ್ದೇನೆ. ಆ ಅಳತೆಗೆ ಕಬ್ಬು 4 ಸೆಂ.ಮೀ., ಹಿಡಿಸೂಡಿ ಕಡ್ಡಿ ತೀರಾ ದಪ್ಪ. ತೆಂಗಿನ ನಾರನ್ನು ಅಂಟಿನಲ್ಲಿ ನೆನೆಸಿ, ಎಳೆದು ಕಟ್ಟಿ ಒಣಗಿಸಿ ನೋಡುತ್ತಿದ್ದೇನೆ. ಸದ್ಯಕ್ಕೆ ಅರ್ಧ ನೆಟ್ಟಗೆ ನಿಲ್ಲುತ್ತದೆ, ಅರ್ಧ ಸುರುಳಿ ಸುತ್ತುತ್ತದೆ.