ಅಕ್ಕಿ ಕಾಣುವ ಮೊದಲೇ ಅಳತೆ

ವಿಜಯಪುರದಲ್ಲಿ ಸಿದ್ಧೇಶ್ವರ ಸ್ವಾಮೀಜಿಯವರನ್ನು ನೋಡಿದ ಯಾರನ್ನು ಕೇಳಿದರೂ ಅವರ ಅಂಗಿಗೆ ಕಿಸೆ ಇರಲಿಲ್ಲ ಎನ್ನುತ್ತಾರೆ. ಬಟ್ಟೆ ಹೊಲಿದು ಬದುಕುವ ನನಗೆ ಅದು ಸಣ್ಣ ಮಾತಲ್ಲ. ಕಿಸೆ ಇದ್ದರೆ ಅದರಲ್ಲಿ ಏನಾದರೂ ಇರಲಿ ಅನಿಸುತ್ತದೆ. 2018ರಲ್ಲಿ ಪದ್ಮಶ್ರೀ ಬಂದಾಗಲೂ ಅವರು ಬೇಡ ಎಂದರು. 2023ರ ಜನವರಿಯಲ್ಲಿ ತೀರಿಕೊಂಡಾಗ, ಅವರೇ ಬರೆದಿಟ್ಟಂತೆ ದೇಹವನ್ನು ಅಗ್ನಿಗೆ ಕೊಟ್ಟರು. ಸ್ಮಾರಕ ಕಟ್ಟಬಾರದು ಎಂದೂ ಬರೆದಿದ್ದರು.

ಅವರು ಸನ್ಯಾಸಿ. ನನಗೆ ಬಾಡಿಗೆ, ಮಕ್ಕಳ ಫೀ, ಕರೆಂಟ್ ಬಿಲ್ಲು ಇವೆ. ಹಾಗಾಗಿ ನನಗೆ ದಾರಿ ತೋರಿಸಿದವಳು ಬಸವಣ್ಣನವರ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮ. ಆಕೆಯೂ ಸಂಸಾರಿಯೇ. ಗಂಡ ಮಾರಯ್ಯ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ದಾಸೋಹ ನಡೆಯುತ್ತಿತ್ತು. ಒಂದು ದಿನ ಜಾಸ್ತಿ ತಂದ. ಹೆಚ್ಚಿನದನ್ನು ವಾಪಸ್ ಸುರಿದು ಬಾ ಎಂದಳು. ಅಕ್ಕಿ ಕಂಡ ಮೇಲೆ ಆಕೆ ಅಳತೆ ಹುಡುಕಲಿಲ್ಲ. ಅದು ಮೊದಲೇ ಗೊತ್ತಿತ್ತು.

ನಾನು ಹಿಡಿದಿದ್ದು ಇದನ್ನೇ. ಯುಗಾದಿಗೆ ಮನೆಯವರೆಲ್ಲ ಕೂತು ತಿಂಗಳಿಗೆ ಏನೇನು ಬೇಕು ಎಂದು ಬರೆಯುತ್ತೇವೆ. ಜೋಳ, ಎಣ್ಣೆ, ಬಾಡಿಗೆ, ಫೀ, ಔಷಧಿ, ಕಷ್ಟಕಾಲಕ್ಕೆ ಸ್ವಲ್ಪ. ಕಷ್ಟಕಾಲಕ್ಕೆ ಎತ್ತಿಡುವುದನ್ನು ನಾನು ಆಸೆ ಎನ್ನುವುದಿಲ್ಲ. ಬರ ಕಂಡ ಜಿಲ್ಲೆ ನಮ್ಮದು. ಅಷ್ಟಕ್ಕೆ ಸಾಲುವಷ್ಟು ಹೊಲಿಗೆ ಒಪ್ಪಿಕೊಳ್ಳುತ್ತೇನೆ. ದೀಪಾವಳಿ ಬಂತೆಂದರೆ, ಮದುವೆ ಸೀಸನ್ ಬಂತೆಂದರೆ ಜಂಪರುಗಳ ರಾಶಿ ಬೀಳುತ್ತದೆ. ಅಳತೆ ತುಂಬಿದ ಮೇಲೆ ಬಂದವರನ್ನು ಪಕ್ಕದ ಓಣಿಯ ಅಕ್ಕನ ಹತ್ತಿರ ಕಳಿಸುತ್ತೇನೆ. ಅವಳ ಮನೆಯಲ್ಲೂ ಒಲೆ ಉರಿಯಬೇಕು ಅಲ್ವಾ? ಮೊದಮೊದಲು ಆಗುವುದಿಲ್ಲ ಎನ್ನಲು ಬಾಯಿ ಬರುತ್ತಿರಲಿಲ್ಲ. ಈಗ ಸಲೀಸಾಗಿ ಹೇಳುತ್ತೇನೆ. ರಾತ್ರಿ ಮಷಿನ್ ಮುಚ್ಚಿ ಮಕ್ಕಳ ಜೊತೆ ಬಿಸಿ ರೊಟ್ಟಿ ಉಣ್ಣುತ್ತೇನೆ.

ಕೊಡುವುದೂ ಹಾಗೇ, ಮೊದಲೇ. ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ, ಅಂದರೆ ಮನೆಯಲ್ಲಿ ಮಾಡಿದ ಅಡುಗೆಯನ್ನು ಬೆಳೆಯ ನಡುವೆ ಎರಚುತ್ತಾರೆ. ಜೋಳ ಇನ್ನೂ ನಿಂತಿರುತ್ತದೆ, ರಾಶಿ ಆಗಿರುವುದಿಲ್ಲ. ಎಷ್ಟು ಬೆಳೆ ಕೈಗೆ ಬರುತ್ತದೋ ಯಾರಿಗೂ ಗೊತ್ತಿಲ್ಲ. ಆದರೂ ಭೂಮಿತಾಯಿಗೆ ಮೊದಲು ಉಣಿಸುತ್ತಾರೆ. ಇಂಥ ನಂಬಿಕೆ ನನಗೆ ತುಂಬಾ ದೊಡ್ಡದು. ನನಗೆ ಹೊಲ ಇಲ್ಲ. ತಿಂಗಳ ಮೊದಲ ಹೊಲಿಗೆಯ ಕೂಲಿಯಲ್ಲಿ ಜೋಳ ತಂದು ಮಠದ ದಾಸೋಹಕ್ಕೆ ಮುಟ್ಟಿಸುತ್ತೇನೆ. ಉಳಿದರೆ ಕೊಡೋಣ ಎಂದು ಕೂತರೆ ಯಾವ ತಿಂಗಳೂ ಉಳಿಯುವುದಿಲ್ಲ.

ಈ ವರ್ಷ ಮಗಳು ಕಾಲೇಜು ಸೇರಿದಳು. ಯುಗಾದಿಯ ಅಳತೆ ದೊಡ್ಡದಾಯಿತು. ಹೊಲಿಗೆಯನ್ನೂ ಅಷ್ಟೇ ಹೆಚ್ಚು ಒಪ್ಪಿಕೊಂಡಿದ್ದೇನೆ.