ಪುಸ್ತಕ ಮುಚ್ಚಿಸಿ ಕೇಳಿ, ಆದ್ರೆ ಗದರಬೇಡಿ

ಪರೀಕ್ಷೆ ಹತ್ತಿರ ಬಂತು ಅಂದ್ರೆ ಮನೆಮನೆಯಲ್ಲೂ ಇದೇ ಮಾತು: "ಇನ್ನೊಂದ್ ಸಲ ಓದು." ಮಗು ಓದುತ್ತದೆ. ಎರಡನೇ ಸಲಕ್ಕೆ ಎಲ್ಲಾ ಗೊತ್ತಿರೋದೇ ಅನ್ನಿಸುತ್ತದೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಒಂದೂ ಹೊಳೆಯಲ್ಲ. ನೋಡಿ ಗುರುತು ಹಿಡಿಯೋದು ಸುಲಭ, ನೋಡದೆ ನೆನಪಿನಿಂದ ತೆಗೆಯೋದು ಕಷ್ಟ, ಅಭ್ಯಾಸ ಆಗಬೇಕಾದ್ದು ಈ ಎರಡನೆಯದು.

2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ಹುಡುಗರಿಗೆ ಇದನ್ನೇ ಮಾಡಿಸಿ ನೋಡಿದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೋಡದೆ ಬರೆದು ಅಭ್ಯಾಸ ಮಾಡಿದವರು ಅವರನ್ನು ದಾಟಿದರು.

ಮನೆಯಲ್ಲಿ ಹೀಗೆ ಮಾಡಿ. ಜಲಚಕ್ರದ ಪಾಠ ಅಂತಿಟ್ಟುಕೊಳ್ಳಿ. ಒಂದು ಪುಟ ಓದಿಸಿ, ಪುಸ್ತಕ ಮುಚ್ಚಿಸಿ, ಹಳೇ ಕ್ಯಾಲೆಂಡರಿನ ಹಿಂದೆ ನೆನಪಾದಷ್ಟು ಬರೆಯಲಿ, ಚಿತ್ರ ಬೇಕಾದ್ರೂ ಬಿಡಿಸಲಿ. ತಡವರಿಸಿದಾಗ ತಕ್ಷಣ ಉತ್ತರ ಹೇಳಿಬಿಡಬೇಡಿ. ಮನಸ್ಸಲ್ಲೇ ಹತ್ತು ಎಣಿಸಿ (ನನಗಂತೂ ಐದಕ್ಕೇ ಬಾಯಿ ತೆರೆಯುತ್ತದೆ), ಆಮೇಲೂ ಬರದಿದ್ರೆ "ನೀರು ಆವಿಯಾಗಿ ಮೇಲೆ ಹೋಯ್ತು, ಅಲ್ಲಿ ತಂಪಿದೆ, ಆಗ?" ಅಂತ ಒಂದು ಎಳೆ ಕೊಡಿ. ಕೊನೆಗೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಅದೇ ಹಾಳೆಯಲ್ಲಿ ಬೇರೆ ಬಣ್ಣದ ಪೆನ್ನಲ್ಲಿ ಸೇರಿಸಲಿ. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ ಐದೈದು ನಿಮಿಷ ಕೇಳಿ. ಒಂದೇ ರಾತ್ರಿ ಎರಡು ಗಂಟೆ ಕೂರಿಸೋದಕ್ಕಿಂತ ಇದು ವಾಸಿ.

ಮಗ್ಗಿಗೂ ಅಷ್ಟೇ. ಏಳೆಂಟ್ಲ ಎಷ್ಟು ಅಂದ್ರೆ ಏಳೊಂದ್ಲ ಏಳರಿಂದ ಶುರು ಮಾಡುವ ಮಕ್ಕಳನ್ನು ನೋಡಿದ್ದೀರಲ್ವಾ? ಅವರಿಗೆ ರಾಗ ಬಂದಿದೆ, ಲೆಕ್ಕ ಬಂದಿಲ್ಲ. ಹಿಂದುಮುಂದು ಮಾಡಿ ಕೇಳಿ.

ಇನ್ನು ಗದರೋ ವಿಷಯ. ಲೆಕ್ಕ ಮಾಡುವಾಗ ತಲೆಯಲ್ಲಿ ಸಂಖ್ಯೆಗಳನ್ನು ಹಿಡಿದಿಟ್ಟುಕೊಳ್ಳೋಕೆ ಇರುವ ಜಾಗ ಬಹಳ ಚಿಕ್ಕದು. "ಅಪ್ಪ ಬೈತಾರೆ" ಅನ್ನೋ ಯೋಚನೆ ಬಂದರೆ ಅದೂ ಅದೇ ಜಾಗದಲ್ಲಿ ಕೂರುತ್ತದೆ, ಕೈಲಿದ್ದ ದಶಕ ಜಾರಿಹೋಗುತ್ತದೆ. ಹಾಗಾಗಿ ಈ ಐದು ನಿಮಿಷಕ್ಕೆ ಅಂಕ ಬೇಡ, ನೆಂಟರ ಮುಂದೆ ಪ್ರದರ್ಶನ ಬೇಡ, ಪಕ್ಕದ ಮನೆ ಹುಡುಗಿಯ ಹೆಸರಂತೂ ಬೇಡವೇ ಬೇಡ. ಹೊಗಳುವಾಗಲೂ ಸುಮ್ನೆ "ಜಾಣ" ಅನ್ನಬೇಡಿ. "ಚಿತ್ರ ಬರೆದುಕೊಂಡ್ಯಲ್ಲ, ಅದಕ್ಕೇ ನೆನಪಾಯ್ತು" ಅಂದ್ರೆ ಮುಂದಿನ ಸಲ ಏನು ಮಾಡಬೇಕು ಅಂತ ಮಗುವಿಗೆ ಗೊತ್ತಾಗುತ್ತದೆ. ಶಾಲೆಯಲ್ಲಿ ಹೊಡೆಯೋದು, ಅವಮಾನ ಮಾಡೋದು ಎರಡನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಮನೆಗೆ ಆ ಕಾಯ್ದೆ ಬರಲ್ಲ, ನಾವೇ ನೋಡಿಕೊಳ್ಳಬೇಕು.

ಇಷ್ಟೆಲ್ಲಾ ಮಾಡಿದ್ರೂ ಮೂರು ನಾಲ್ಕನೇ ಕ್ಲಾಸಿನ ಮಗು ಅಕ್ಷರ ಕೂಡಿಸಿ ಓದಲು ತುಂಬಾ ಒದ್ದಾಡುತ್ತಿದ್ರೆ ಅಭ್ಯಾಸ ಸಾಲದು ಅಂತ ಹಟಕ್ಕೆ ಬೀಳಬೇಡಿ. ಮೊದಲು ಕಣ್ಣು, ಕಿವಿ ತೋರಿಸಿ, ಆಮೇಲೆ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸಿ. ಶಾಲೆಯ ದಿನ ಮಾತ್ರ ಬೆಳಿಗ್ಗೆ ಹೊಟ್ಟೆನೋವು ಬರುತ್ತಿದ್ರೆ ಅದನ್ನು ನಾಟಕ ಅನ್ನದೆ ಟೀಚರ್ ಹತ್ತಿರ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ.