ಅಳಿಸಿದ ಮೇಲೂ ಉಳಿದದ್ದು

ಸೋಮವಾರ ಬೆಳಿಗ್ಗೆ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿದ್ದಾಗಲೇ ಕಚೇರಿಯಿಂದ ಮೂರು ಕರೆ ಬಂದವು. ಯಾರಿಗೂ ಮೇಲ್ ಬರುತ್ತಿಲ್ಲ ಎಂಬುದೇ ಮೂರರದ್ದೂ ದೂರು. ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ನಮ್ಮಂಥ ಸಣ್ಣ ಕಾರ್ಖಾನೆಯಲ್ಲಿ ಸರ್ವರ್ ನೋಡಿಕೊಳ್ಳುವವನೂ ನಾನೇ, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಬಿಡಿಸುವವನೂ ನಾನೇ.

ನಮ್ಮದು ಲಿನಕ್ಸ್ ಸರ್ವರ್. ಮೇಲ್ ಬರಮಾಡಿಕೊಳ್ಳಲು ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ, ಕಾದಿರಿಸಿ ಕೊಡಲು ಡವ್‌ಕಾಟ್ ಎಂಬ ಇನ್ನೊಂದು. 500 ಜಿಬಿ ಡಿಸ್ಕ್ ತುಂಬಿ ತುಳುಕುತ್ತಿತ್ತು. ಜಾಗ ತೀರಾ ಕಡಿಮೆಯಾದಾಗ ಪೋಸ್ಟ್‌ಫಿಕ್ಸ್ ಹೊಸ ಮೇಲ್‌ಗಳಿಗೆ 452 ಎಂಬ ಉತ್ತರ ಕೊಟ್ಟು ಹೊರಗೇ ನಿಲ್ಲಿಸುತ್ತದೆ. 4ರಿಂದ ಶುರುವಾಗುವ ಉತ್ತರವೆಂದರೆ ‘ಈಗ ಆಗದು, ಆಮೇಲೆ ಬಾ’ ಎಂದರ್ಥ. 5ರಿಂದ ಶುರುವಾದರೆ ‘ಬರಲೇಬೇಡ’ ಎಂದು. ಕಳುಹಿಸಿದ ಕಡೆಯ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಬಂದು ಬಾಗಿಲು ತಟ್ಟುತ್ತದೆ. ಹಾಗಾಗಿ ಯಜಮಾನರಿಗೆ ಮೊದಲು ಹೇಳಿದ್ದು ಇಷ್ಟೇ: “ಯಾವ ಮೇಲೂ ಕಳೆದುಹೋಗಿಲ್ಲ ಸರ್, ಹೊರಗೆ ಕಾಯುತ್ತಿವೆ.” ಅವರು ಕುರ್ಚಿಗೆ ಒರಗಿ ಕೂತ ಮೇಲೆ ನನಗೂ ಉಸಿರು ಬಂತು.

ಅವಸರದಲ್ಲಿ ಮಾಡಿದ ಮೊದಲ ಕೆಲಸವೇ ತಪ್ಪಾಯಿತು. ಸರ್ವರಿನಲ್ಲಿ ನಡೆದದ್ದನ್ನೆಲ್ಲ ದಾಖಲಿಸುವ ಲಾಗ್ ಫೈಲ್ ಒಂದೇ 38 ಜಿಬಿ ಬೆಳೆದು ಕೂತಿತ್ತು. ಕಾರಣ ನಾನೇ: ಎರಡು ತಿಂಗಳ ಹಿಂದೆ ಯಾರದ್ದೋ ಲಾಗಿನ್ ತೊಂದರೆ ಹುಡುಕಲು ಸವಿವರ ಲಾಗ್ ಚಾಲೂ ಮಾಡಿದವನು ಆರಿಸುವುದನ್ನು ಮರೆತಿದ್ದೆ. ಅದನ್ನು ಅಳಿಸಿದೆ. ಡಿಸ್ಕ್ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಆಜ್ಞೆ ಕೊಟ್ಟು ನೋಡಿದರೆ ಇನ್ನೂ ನೂರಕ್ಕೆ ನೂರು. ಕಣ್ಣಿಗೆ ಕಾಣುವ ಫೈಲುಗಳ ಗಾತ್ರ ಕೂಡಿಸುವ ಡಿಯು ಆಜ್ಞೆಯ ಲೆಕ್ಕದಲ್ಲಿ ಮಾತ್ರ 38 ಜಿಬಿ ಕಡಿಮೆ. ಒಂದು ನಿಮಿಷ ತಲೆ ಕೆಟ್ಟಂತಾಯಿತು. ಆಮೇಲೆ ಹೊಳೆಯಿತು. ಲಾಗ್ ಬರೆಯುವ ಪ್ರಕ್ರಿಯೆ ಆ ಫೈಲನ್ನು ಇನ್ನೂ ಹಿಡಿದುಕೊಂಡಿತ್ತು. ಲಿನಕ್ಸಿನಲ್ಲಿ ಅಳಿಸಿದರೆ ಹೋಗುವುದು ಹೆಸರು ಮಾತ್ರ. ಹಿಡಿದವರು ಕೈಬಿಡುವವರೆಗೆ ಜಾಗ ಬಿಡುಗಡೆಯಾಗುವುದಿಲ್ಲ. ಲಾಗ್ ಸೇವೆಯನ್ನು ನಿಲ್ಲಿಸಿ ಮತ್ತೆ ಶುರು ಮಾಡಿದ ಕೂಡಲೇ ಜಾಗ ಸಿಕ್ಕಿತು, ಹೊರಗೆ ಕಾಯುತ್ತಿದ್ದ ಮೇಲ್‌ಗಳು ಒಂದೊಂದಾಗಿ ಒಳಬರತೊಡಗಿದವು. ಫೈಲನ್ನು ಅಳಿಸುವ ಬದಲು ಟ್ರಂಕೇಟ್ ಆಜ್ಞೆಯಿಂದ ಒಳಗಿನದನ್ನಷ್ಟೇ ಖಾಲಿ ಮಾಡಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ.

ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆ ಸಾಮಾನ್ಯವಾಗಿ ಶೇ 5ರಷ್ಟು ಜಾಗವನ್ನು ರೂಟ್ ಬಳಕೆದಾರನಿಗೆಂದು, ಅಂದರೆ ಸರ್ವರಿನ ಮೇಲೆ ಪೂರ್ಣ ಅಧಿಕಾರವಿರುವ ಖಾತೆಗೆಂದು, ಎತ್ತಿಟ್ಟಿರುತ್ತದೆ. ನಮ್ಮ ಡಿಸ್ಕಿನಲ್ಲಿ ಅದೇ 25 ಜಿಬಿ. ಅದನ್ನು ಶೇ 2ಕ್ಕೆ ಇಳಿಸಿದಾಗ ಇನ್ನೊಂದು 15 ಜಿಬಿ ದಕ್ಕಿತು. ಮನೆಯಲ್ಲಿ ಸಾಸಿವೆ ಡಬ್ಬಿಯ ಕಾಸು ಎಣಿಸಿದ ಹಾಗೆ. ಇನೋಡ್‌ಗಳ, ಅಂದರೆ ಫೈಲಿಗೊಂದರಂತೆ ಬೇಕಾಗುವ ದಾಖಲೆ ನಮೂದುಗಳ, ಲೆಕ್ಕವನ್ನೂ ನೋಡಿದೆ. ನಾವು ಮೇಲ್ ಕಾದಿರಿಸುವ ಮೇಲ್‌ಡಿರ್ ಪದ್ಧತಿಯಲ್ಲಿ ಒಂದೊಂದು ಮೇಲ್ ಒಂದೊಂದು ಫೈಲ್. ಜಾಗವಿದ್ದರೂ ಇನೋಡ್ ಮುಗಿದರೆ ಕಥೆ ಮುಗಿಯಿತು. ನಮಗೆ ಆ ತೊಂದರೆ ಇರಲಿಲ್ಲ.

ಇಷ್ಟರಲ್ಲಿ ನಿಂತದ್ದು ಬೆಂಕಿ ಮಾತ್ರ. ನಿಜವಾಗಿ ಜಾಗ ತಿನ್ನುತ್ತಿದ್ದವರು ಯಾರೆಂದು ಆ ವಾರವಿಡೀ ಹುಡುಕಿದೆ. ಅರ್ಧ ಉತ್ತರ ಟ್ರ್ಯಾಷ್ ಫೋಲ್ಡರುಗಳಲ್ಲಿತ್ತು. ಜನ ‘ಡಿಲೀಟ್’ ಒತ್ತಿ ಕೈ ತೊಳೆದುಕೊಳ್ಳುತ್ತಾರೆ. ಮೇಲ್ ಪಕ್ಕದ ಫೋಲ್ಡರಿಗೆ ಹೋಗಿ ಕೂರುತ್ತದೆ, ಅಷ್ಟೆ. 30 ದಿನ ದಾಟಿದ್ದನ್ನೆಲ್ಲ ಡವ್‌ಕಾಟ್‌ನ ಆಜ್ಞೆಯೊಂದರಿಂದ ಗುಡಿಸಿಬಿಡಬಹುದು. ಬೆರಳು ತುರಿಸುತ್ತಿತ್ತು. ಆದರೆ ಸೋಮವಾರದ ಲಾಗ್ ಪ್ರಸಂಗ ಕಲಿಸಿದ ಭಯದಿಂದ, ಅಳಿಸುವ ಆಜ್ಞೆಯ ಬದಲು ಅದೇ ಷರತ್ತಿನ ಹುಡುಕುವ ಆಜ್ಞೆಯನ್ನು ಮೊದಲು ಕೊಟ್ಟು ಎಣಿಸಿದೆ. ಲೆಕ್ಕಪತ್ರ ವಿಭಾಗದ ಹಿರಿಯರೊಬ್ಬರ ಟ್ರ್ಯಾಷ್‌ನಲ್ಲಿ ಹನ್ನೊಂದು ಸಾವಿರಕ್ಕೂ ಹೆಚ್ಚು ಮೇಲ್‌ಗಳಿದ್ದವು, ಅವರ ಇನ್‌ಬಾಕ್ಸಿನಲ್ಲಿ ಮೂವತ್ತೋ ನಲವತ್ತೋ. ಸಂಶಯ ಬಂದು ಕೆಳಗಿಳಿದು ಹೋದೆ.

“ಸರ್, ಈ ಕಸವನ್ನು ತೆಗೆದುಬಿಡಲೇ?”

ಅವರು ಕನ್ನಡಕದ ಮೇಲಿಂದ ನೋಡಿದರು. “ಕಸವೇ? ಅದರಲ್ಲಿ ಐದು ವರ್ಷದ ಜಿಎಸ್‌ಟಿ ಪತ್ರಗಳಿವೆಯಪ್ಪ. ಕೆಲಸ ಮುಗಿದ ಕಾಗದವನ್ನೆಲ್ಲ ನಾನು ಅಲ್ಲಿಗೇ ಹಾಕುವುದು. ಒಂದೇ ಗುಂಡಿ ಒತ್ತಿದರೆ ಸಾಕಲ್ಲ.”

ಬೆನ್ನಲ್ಲಿ ಬೆವರು ಇಳಿಯಿತು. ರಾತ್ರಿಯ ಬ್ಯಾಕಪ್ ಕೂಡ ಇದ್ದದ್ದನ್ನು ಇದ್ದ ಹಾಗೆ ಪ್ರತಿಬಿಂಬಿಸುವಂಥದ್ದು: ಇಲ್ಲಿ ಅಳಿಸಿದರೆ ಮರುದಿನ ಅಲ್ಲೂ ಇಲ್ಲ. ಅಂದು ಸಂಜೆಯೇ ಎಸ್‌.ಪಿ. ರಸ್ತೆಗೆ ಹೋಗಿ ಇನ್ನೊಂದು ಡಿಸ್ಕ್ ತಂದು, ಎಲ್ಲದರ ಪ್ರತಿ ತೆಗೆದಿಟ್ಟು, ಹಿರಿಯರ ಮೇಲ್‌ಗಳನ್ನು ‘ಮುಗಿದದ್ದು’ ಎಂಬ ಹೊಸ ಫೋಲ್ಡರಿಗೆ ಸಾಗಿಸಿದೆ. ಉಳಿದವರಿಗೆ ಹದಿನೈದು ದಿನದ ಗಡುವು ಕೊಟ್ಟ ನಂತರವೇ ಗುಡಿಸಿದ್ದು.

ಇನ್ನರ್ಧ ಉತ್ತರ ಬಿಡಿಭಾಗಗಳ ವಿನ್ಯಾಸದ ನಕ್ಷೆಗಳು. 9 ಎಂಬಿಯ ನಕ್ಷೆಯೊಂದನ್ನು ಮೇಲ್‌ಗೆ ಲಗತ್ತಿಸಿದರೆ ಬೇಸ್64 ಎಂಬ ಅಕ್ಷರರೂಪಕ್ಕೆ ತಿರುಗಿ 12 ಎಂಬಿ ದಾಟುತ್ತದೆ, ಏಕೆಂದರೆ ಪ್ರತಿ ಮೂರು ಬೈಟ್ ನಾಲ್ಕು ಅಕ್ಷರವಾಗುತ್ತದೆ. ಅದನ್ನು ಹದಿನಾಲ್ಕು ಜನರಿಗೆ ಕಳುಹಿಸಿದರೆ ನಮ್ಮಲ್ಲಿ ಹದಿನಾಲ್ಕು ಪ್ರತಿ, ಕಳುಹಿಸಿದವರ ಬಳಿ ಒಂದು. ತಿದ್ದುಪಡಿಯಾದ ನಕ್ಷೆ ಬಂದಾಗ ಮತ್ತೆ ಹದಿನೈದು. ನಕ್ಷೆಗಳಿಗೆ ಹಂಚಿಕೆಯ ಫೋಲ್ಡರ್ ಮಾಡಿ, ಮೇಲ್‌ನಲ್ಲಿ ಅದರ ದಾರಿ ಮಾತ್ರ ಬರೆಯಿರಿ ಎಂದೆ. ವಿನ್ಯಾಸ ವಿಭಾಗದವರು ಒಪ್ಪಿದರು. ಮಾರಾಟದವರು ತಲೆಯಾಡಿಸಿದರು, ಲಗತ್ತಿಸುವುದನ್ನು ಬಿಡಲಿಲ್ಲ.

ಕೊನೆಗೆ ಪ್ರತಿಯೊಬ್ಬರಿಗೂ 5 ಜಿಬಿ ಮಿತಿ ಹಾಕಿದೆ, ಹಿರಿಯರಿಗೆ ಮಾತ್ರ ಹತ್ತು. ಶೇ 80 ತುಂಬಿದಾಗ ಎಚ್ಚರಿಕೆಯ ಮೇಲ್ ಹೋಗುತ್ತದೆ. ಮೊದಲು ಇಂಗ್ಲಿಷಿನಲ್ಲಿ ಬರೆದಿದ್ದ ಎಚ್ಚರಿಕೆಯನ್ನು ಒಬ್ಬರೂ ಓದಿರಲಿಲ್ಲ. “ನಿಮ್ಮ ಮೇಲ್ ಪೆಟ್ಟಿಗೆ ತುಂಬುತ್ತಾ ಬಂದಿದೆ, ದಯವಿಟ್ಟು ಒಮ್ಮೆ ನನ್ನನ್ನು ಕಾಣಿ” ಎಂದು ಕನ್ನಡದಲ್ಲಿ ಬದಲಾಯಿಸಿದ ಮರುದಿನ ಮಾರಾಟ ವಿಭಾಗದ ಮೂವರು ನನ್ನ ಮೇಜಿನ ಮುಂದೆ ನಿಂತಿದ್ದರು. ಒಬ್ಬರು, ತಮ್ಮ ಟ್ರ್ಯಾಷ್ ಎಲ್ಲಿದೆ ತೋರಿಸುವಿರಾ ಎಂದು ಕೇಳಿದರು.